ಗೆಳೆಯನ ಮೇಲೆ ಬಂದ ಅನುಮಾನವನ್ನು ಯಾರಿಗೆ ಹೇಳಲಿ?

ಪ್ರಶ್ನೆ: ಭಯೋತ್ಪಾದನೆ ನಿಗ್ರಹ ಘಟಕವೊಂದರಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಬ್ಯಾಚಿನ ಗೆಳೆಯನೂ ಅದೇ ತಂಡದಲ್ಲಿದ್ದಾನೆ. ನನ್ನ ತಂದೆಯ ಶಸ್ತ್ರಚಿಕಿತ್ಸೆಗೆ ರಾತ್ರೋರಾತ್ರಿ ಹಣ ಹೊಂದಿಸಿಕೊಟ್ಟವನು ಅವನು. ಈಚೆಗೆ ಎರಡು ದಾಳಿಗಳಲ್ಲಿ ನಾವು ತಲುಪುವಷ್ಟರಲ್ಲಿ ಮನೆ ಖಾಲಿಯಾಗಿತ್ತು. ಎರಡೂ ಸಲ ಹೊರಡುವ ಮುಂಚೆ ಅವನು ಬೇರೊಂದು ಮೊಬೈಲಿನಲ್ಲಿ ಮಾತನಾಡುತ್ತಿದ್ದುದನ್ನು ಕಂಡೆ. ತನಗೆ ಸಂಬಂಧಿಸದ ಕಡತದ ಫೋಟೊ ತೆಗೆಯುವುದನ್ನೂ ಒಮ್ಮೆ ನೋಡಿದೆ. ಹೇಳಿದರೆ ಉಪಕಾರ ಮರೆತವನಾಗುತ್ತೇನೆ, ಹೇಳದಿದ್ದರೆ ಉಂಡ ಮನೆಗೆ ಎರಡು ಬಗೆದವನಾಗುತ್ತೇನೆ. ಮೊದಲು ಅವನನ್ನೇ ಕೇಳಿಬಿಡಲೇ?

ಉತ್ತರ: ಬೇಡ, ಅವರನ್ನು ಕೇಳಬೇಡಿ. ಮೇಲಧಿಕಾರಿಗೆ ಹೇಳಿ, ಇವತ್ತೇ ಹೇಳಿ. ಮುಂದಿನ ದಾಳಿಯ ದಿನ ನಿಗದಿಯಾಗಿದ್ದರೆ ಲಿಖಿತ ವರದಿ ಸಿದ್ಧವಾಗುವವರೆಗೂ ಕಾಯದೆ ಬಾಯಿಮಾತಿನಲ್ಲೇ ತಿಳಿಸಿಬಿಡಿ.

ನಿಮ್ಮ ಪತ್ರದಲ್ಲಿ ನೀವಿದ್ದೀರಿ, ಗೆಳೆಯರಿದ್ದಾರೆ, ಇಲಾಖೆಯೂ ಇದೆ. ಆ ಮನೆಯ ವಿಳಾಸ ಕೊಟ್ಟ ಬಾತ್ಮೀದಾರ ಮಾತ್ರ ಇಲ್ಲ. ನನಗೆ ಎಲ್ಲರಿಗಿಂತ ಮೊದಲು ಚಿಂತೆಯಾದದ್ದು ಅವನದೇ. ಅವನಿಗೆ ಸಮವಸ್ತ್ರವಿಲ್ಲ, ಪಿಂಚಣಿ ಇಲ್ಲ, ಸತ್ತರೆ ಗೌರವವಂದನೆಯೂ ಇಲ್ಲ. ಇಲಾಖೆಯ ಮೇಲೆ ನಂಬಿಕೆಯಿಟ್ಟು ಜೀವ ಒತ್ತೆಯಿಟ್ಟಿದ್ದಾನೆ. ಗೆಳೆಯರು ಫೋಟೊ ತೆಗೆದ ಕಡತದಲ್ಲಿ ಅವನ ಸುಳಿವೇ ಇದ್ದಿದ್ದರೆ? ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯೊಳಗಿದ್ದ ಆಲ್ಡ್ರಿಚ್ ಏಮ್ಸ್ 1994ರಲ್ಲಿ ಸಿಕ್ಕಿಬೀಳುವ ಹೊತ್ತಿಗೆ, ಅವನು ಸೋವಿಯತ್ ಕಡೆಗೆ ಮಾರಿದ್ದ ಬಾತ್ಮೀದಾರರ ಹೆಸರುಗಳ ಪೈಕಿ ಕನಿಷ್ಠ ಹತ್ತು ಮಂದಿ ಮರಣದಂಡನೆಗೆ ಗುರಿಯಾಗಿದ್ದರು. ನಿಮ್ಮ ತಂದೆಗಾಗಿ ಗೆಳೆಯರು ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯಬೇಡಿ. ಆದರೆ ಆ ಋಣವನ್ನು ನಿಮ್ಮ ಕೈಯಿಂದ ತೀರಿಸಬೇಕು, ಇನ್ನೊಬ್ಬನ ಪ್ರಾಣದಿಂದಲ್ಲ.

ಬಂಧುವಿನ ಮೇಲೆಯೇ ಅನುಮಾನ ಬಂದವರೊಬ್ಬರ ವಿಷಯ ಹೇಳುತ್ತೇನೆ. ಮಾರ್ಕ್ ವಾಕ್ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಅಧಿಕಾರಿ. ಅವರ ಸಹೋದರಿಯ ಗಂಡ ರಾಬರ್ಟ್ ಹ್ಯಾನ್ಸನ್ ಕೂಡ ಅದೇ ಸಂಸ್ಥೆಯವನು. ಹ್ಯಾನ್ಸನ್ ಮನೆಯಲ್ಲಿ ಲೆಕ್ಕಕ್ಕೆ ಸಿಗದ ನಗದು ಕಂಡ ಸುದ್ದಿ ಕಿವಿಗೆ ಬಿದ್ದಾಗ, 1990ರಲ್ಲಿ, ವಾಕ್ ತಮ್ಮ ಮೇಲಧಿಕಾರಿಗೆ ತಿಳಿಸಿದರು. ಅವರು ಮಾಡಬೇಕಾದದ್ದನ್ನು ಮಾಡಿದರು, ಕೇಳಿಸಿಕೊಂಡವರು ಏನೂ ಮಾಡಲಿಲ್ಲ. 1979ರಲ್ಲೇ ಮಾಸ್ಕೋ ಪರ ಬೇಹುಗಾರಿಕೆ ಶುರು ಮಾಡಿದ್ದ ಹ್ಯಾನ್ಸನ್ ಬಂಧನವಾದದ್ದು 2001ರ ಫೆಬ್ರವರಿಯಲ್ಲಿ. ಆದ್ದರಿಂದ ಒಂದು ಸಲ ಹೇಳಿ ಕೈತೊಳೆದುಕೊಳ್ಳಬೇಡಿ. ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ನಿಮ್ಮ ನೇರ ಅಧಿಕಾರಿಗೂ ಗೆಳೆಯರಿಗೂ ಒಡನಾಟ ಹೆಚ್ಚಿದ್ದರೆ ಅವರಿಗಿಂತ ಮೇಲಿನವರ ಬಳಿ ಹೋಗಿ.

ಅದೇ ಪ್ರಕರಣದ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ಹ್ಯಾನ್ಸನ್ ಮಾಡಿದ ದ್ರೋಹದ ಜಾಡು ಹಿಡಿದು ಹೊರಟ ಎಫ್‌ಬಿಐ, ಸಿಐಎಯ ಬ್ರಯಾನ್ ಕೆಲ್ಲಿ ಎಂಬ ನಿರಪರಾಧಿಯ ಬೆನ್ನುಹತ್ತಿತು. ಅವರು ಜಾಗಿಂಗ್‌ಗೆಂದು ಗುರುತು ಹಾಕಿಕೊಂಡಿದ್ದ ಉದ್ಯಾನದ ನಕ್ಷೆಯೇ ಬೇಹುಗಾರಿಕೆಯ ನಕ್ಷೆಯಾಗಿ ಕಂಡಿತು. ಅವರನ್ನು ಪರೀಕ್ಷಿಸಲು ಅಪರಿಚಿತನೊಬ್ಬನನ್ನು ಮನೆಬಾಗಿಲಿಗೆ ಕಳುಹಿಸಿ, ‘ನಿನ್ನ ಗುಟ್ಟು ಬಯಲಾಗಿದೆ, ಪರಾರಿಯಾಗು’ ಎನ್ನಿಸಿದರು. ಕೆಲ್ಲಿ ಮರುದಿನವೇ ಅದನ್ನು ಕಚೇರಿಗೆ ವರದಿ ಮಾಡಿದರು. ಅಷ್ಟಾದರೂ ಅನುಮಾನ ಕರಗಲಿಲ್ಲ. 1999ರಲ್ಲಿ ಅವರನ್ನು ಕೆಲಸದಿಂದ ದೂರವಿಟ್ಟರು, ಮನೆಮಂದಿಯನ್ನೂ ವಿಚಾರಣೆಗೆ ಒಳಪಡಿಸಿದರು. ನಮ್ಮಲ್ಲಿ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು 1994ರಲ್ಲಿ ಸುಳ್ಳು ಬೇಹುಗಾರಿಕೆ ಆರೋಪದಲ್ಲಿ ಬಂಧಿಸಿದ್ದರು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದ್ದು 2018ರಲ್ಲಿ. ಕಳೆದುಹೋದ ಆ ವರ್ಷಗಳನ್ನು ಯಾವ ಪರಿಹಾರ ತುಂಬಿಕೊಟ್ಟೀತು?

ಹಾಗಾಗಿ ನಿಮ್ಮ ವರದಿಯಲ್ಲಿ ‘ದ್ರೋಹ’ ಎಂಬ ಪದ ಬರಕೂಡದು. ದಿನ, ವೇಳೆ, ಸ್ಥಳ, ಕಣ್ಣಾರೆ ಕಂಡದ್ದು, ಇಷ್ಟೇ ಇರಲಿ. ಎರಡನೇ ಮೊಬೈಲ್ ಕಂಡಿರಿ, ಅದರಲ್ಲಿ ಆಡಿದ ಮಾತು ನಿಮಗೆ ಕೇಳಿಸಿಲ್ಲ. ಅದು ಮನೆಯ ಯಾವುದೋ ಸಂಕಟದ ಕರೆಯಾಗಿರಬಹುದು, ಸಾಲಗಾರನದೂ ಆಗಿರಬಹುದು. ದಾಳಿಯ ವಿಷಯ ಇನ್ನೂ ಯಾರ್‍ಯಾರಿಗೆ ಗೊತ್ತಿತ್ತು ಎಂಬುದನ್ನೂ ಬರೆಯಿರಿ, ಆ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಲಿ.

ಅವರನ್ನೇ ಏಕೆ ಕೇಳಬಾರದು? ತಪ್ಪು ಮಾಡಿದ್ದರೆ ಸಾಕ್ಷ್ಯ ಅಳಿಸಲು ನೀವೇ ಅವಕಾಶ ಕೊಟ್ಟಂತಾಗುತ್ತದೆ. ನಮ್ಮ ವಿದೇಶಿ ಗುಪ್ತಚರ ಸಂಸ್ಥೆ ‘ರಾ’ದ ಅಧಿಕಾರಿ ರಬಿಂದರ್ ಸಿಂಗ್ 2004ರಲ್ಲಿ ಸಂಸ್ಥೆಯ ಕಣ್ಗಾವಲಿನಲ್ಲಿದ್ದಾಗಲೇ ನೇಪಾಳದ ಮೂಲಕ ಅಮೆರಿಕಕ್ಕೆ ಪರಾರಿಯಾದ. ಇನ್ನು ಅವರು ನಿರಪರಾಧಿಯಾಗಿದ್ದರೆ, ನಿಮ್ಮ ಪ್ರಶ್ನೆ ಕೇಳಿದ ಮೇಲೆ ನಿಮ್ಮ ಪಕ್ಕ ನಿಂತು ಬಾಗಿಲು ಒಡೆಯುವುದು ಅವರಿಗೂ ಕಷ್ಟ, ನಿಮಗೂ ಕಷ್ಟ. ಅವರ ಮೊಬೈಲ್ ತಡಕಾಡುವ ಪತ್ತೇದಾರಿಕೆಗೂ ಕೈಹಾಕಬೇಡಿ.

ಇಂಥವರಲ್ಲಿ ಇಂಥದ್ದು ಆಗುವುದೇ ಇಲ್ಲ ಎಂಬ ನಂಬಿಕೆ ನಿಮ್ಮ ವೃತ್ತಿಯಲ್ಲಿ ಅಪಾಯಕಾರಿ. 2020ರ ಜನವರಿ 11ರಂದು ಕುಲ್ಗಾಮ್ ಬಳಿ ಹಿಜ್ಬುಲ್ ಉಗ್ರರ ಜೊತೆ ಒಂದೇ ಕಾರಿನಲ್ಲಿ ಸಿಕ್ಕವರು ಜಮ್ಮು–ಕಾಶ್ಮೀರ ಪೊಲೀಸ್‌ನ ಡಿವೈಎಸ್ಪಿ ದವಿಂದರ್ ಸಿಂಗ್. ಉಗ್ರರ ವಿರುದ್ಧದ ಕಾರ್ಯಾಚರಣೆಗಳಲ್ಲೇ ವರ್ಷಗಟ್ಟಲೆ ದುಡಿದವರು. ಮರುವರ್ಷ ಸರ್ಕಾರ ಅವರನ್ನು ಸೇವೆಯಿಂದ ವಜಾ ಮಾಡಿತು.

ವಿಚಾರಣೆ ಮುಗಿಯುವವರೆಗೆ ಬೇರೆ ತಂಡಕ್ಕೆ ಹಾಕುವಂತೆ ನೀವೇ ಕೇಳಿಕೊಳ್ಳಿ. ಹಬ್ಬಕ್ಕೆ ಅವರ ಮನೆಯಿಂದ ಕರೆ ಬಂದರೆ ಹೋಗಿ, ಆ ಮಕ್ಕಳು ಯಾವ ತಪ್ಪೂ ಮಾಡಿಲ್ಲ. ಇನ್ನೊಂದು ಮಾತು: ನೀವು ಬರೆದಿದ್ದ ಸ್ಥಳ, ದಿನಾಂಕಗಳನ್ನೆಲ್ಲ ತೆಗೆದುಹಾಕಿ ಪತ್ರವನ್ನು ಪ್ರಕಟಿಸಿದ್ದೇನೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಈ ವಿಷಯದಲ್ಲಿ ಇನ್ನು ನನಗೂ ಬರೆಯಬೇಡಿ, ಆ ವಿವರಗಳು ಸೇರಬೇಕಾದದ್ದು ನಿಮ್ಮ ವರದಿಯಲ್ಲಿ.