‘ಕಳುಹಿಸಲಾಯಿತು’ ಎಂದರೆ ಯಾರು ಕಳುಹಿಸಿದರು?

ಪ್ರಿಯ ಡಾಕ್ಟರೇ, ನಮಸ್ಕಾರ.

ನೀವು ಕಳುಹಿಸಿದ ‘ಮಹಾಮಾರಿ ಕಲಿಸಿದ ಪಾಠ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಅದರ ಐದನೇ ಪುಟದಲ್ಲಿರುವ ಹನ್ನೊಂದು ಸಾಲುಗಳಿಗಾಗಿ ನಮ್ಮ ಪತ್ರಿಕೆಯ ಮೂರು ಪುಟಗಳನ್ನು ಖಾಲಿ ಇಟ್ಟುಕೊಂಡು ಕಾಯಲು ಸಿದ್ಧನಿದ್ದೇನೆ. ಎರಡು ಮಾತನ್ನೂ ಒಟ್ಟಿಗೆ ಹೇಳಬೇಕಾಗಿರುವುದರಿಂದ ಪತ್ರ ಉದ್ದವಾಗಿದೆ. ನೀವು ಒಪ್ಪಿದಂತೆ ಹೆಸರು ಬಿಟ್ಟು ಈ ಅಂಕಣದಲ್ಲಿ ಅಚ್ಚು ಮಾಡುತ್ತಿದ್ದೇನೆ. ಬರೆಯುವ ಹಂಬಲವಿರುವ ಬೇರೆ ವೈದ್ಯರೂ ಓದಲಿ.

ಓದುಗರಿಗಾಗಿ ಲೇಖನದ ಹೂರಣ ಇಷ್ಟು: ನೀವು 2020ರ ಮಾರ್ಚಿನಲ್ಲಿ ದಾವಣಗೆರೆಯಲ್ಲಿ ಹೌಸ್ ಸರ್ಜನ್ ಆದಿರಿ. ಮರುವರ್ಷ, ಎರಡನೇ ಅಲೆಯ ಹೊತ್ತಿಗೆ, ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ವೈದ್ಯೆಯಾಗಿದ್ದಿರಿ. ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ರೇಡಿಯಾಲಜಿ ಓದಬೇಕೆಂದುಕೊಂಡಿದ್ದವರು ಕುಟುಂಬ ವೈದ್ಯಶಾಸ್ತ್ರದ ಸ್ನಾತಕೋತ್ತರ ತರಬೇತಿಯಾದ ಡಿಎನ್‌ಬಿಗೆ ಸೇರಿದಿರಿ. ಮೂರು ವರ್ಷದ ಆ ತರಬೇತಿಯ ಕೊನೆಯ ಘಟ್ಟದಲ್ಲಿ ಕುಳಿತು, ‘ಕೋವಿಡ್ ನನ್ನ ವೃತ್ತಿಯ ದಾರಿಯನ್ನೇ ಬದಲಿಸಿತು’ ಎಂದು ಬರೆದಿದ್ದೀರಿ.

ಬದಲಿಸಿತು ಎನ್ನುತ್ತೀರಿ. ಹೇಗೆ ಬದಲಿಸಿತು ಎಂದು ಎಲ್ಲಿಯೂ ಹೇಳುವುದಿಲ್ಲ. ನನ್ನ ತಕರಾರೆಲ್ಲ ಇಲ್ಲೇ ಇದೆ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ‘ವೈದ್ಯೋ ನಾರಾಯಣೋ ಹರಿಃ’ ಎಂದು ಆರಂಭವಾಗುವ ಲೇಖನಗಳು ನನ್ನ ಮೇಜಿಗೆ ವರ್ಷವಿಡೀ ಬರುತ್ತವೆ, ಅವುಗಳಲ್ಲಿ ವೈದ್ಯ ಎಂಬ ಮನುಷ್ಯ ಕಾಣಿಸುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಘೋಷಣೆ, ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ದಾಖಲಾದದ್ದು, ಇವೆಲ್ಲ ಓದುಗರು ಸ್ವತಃ ಹಾದು ಬಂದ ದಿನಗಳು. ಅವರಿಗೆ ಅದನ್ನೇ ಪಾಠ ಮಾಡಬೇಕಾಗಿಲ್ಲ. ಜೊತೆಗೆ ಒಂದು ತಪ್ಪೂ ನುಸುಳಿದೆ. ಲಾಕ್‌ಡೌನ್ ಮಾರ್ಚ್ 22ಕ್ಕೆ ಶುರುವಾಯಿತು ಎಂದಿದ್ದೀರಿ. ಅದು ಒಂದು ದಿನದ ಜನತಾ ಕರ್ಫ್ಯೂ. ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದದ್ದು 25ರಿಂದ. ನೆನಪಿನಿಂದ ಬರೆಯುವಾಗ ತಾರೀಖು ತಪ್ಪುವುದು ಸಹಜ, ಆದರೆ ಬರೆದವರು ವೈದ್ಯರು ಎಂದಾಗ ಓದುಗರು ಹೆಚ್ಚು ನಂಬಿಕೆ ಇಟ್ಟು ಓದುತ್ತಾರೆ.

ಮೂರನೇ ಪುಟದಲ್ಲಿ ಚಪ್ಪಾಳೆ ಇದೆ, ತಟ್ಟೆಯ ಸದ್ದಿದೆ, ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ದೇಶದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದ್ದೂ ಇದೆ. ‘ಟಿವಿಯಲ್ಲಿ ಅದನ್ನು ಕಂಡು ಕಣ್ಣು ತುಂಬಿತು’ ಎಂದಿದ್ದೀರಿ. ನಂಬುತ್ತೇನೆ. ಆದರೆ ಅದೇ ವರ್ಷದ ಮಳೆಗಾಲದಲ್ಲಿ ಇದೇ ದಾವಣಗೆರೆಯಲ್ಲಿ ಕಿರಿಯ ವೈದ್ಯರು ಬಾಕಿ ಶಿಷ್ಯವೇತನಕ್ಕಾಗಿ ದಿನಗಟ್ಟಲೆ ಧರಣಿ ಕುಳಿತಿದ್ದರು. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಸಂಕೋಚದಿಂದ ಬಿಟ್ಟಿರಬಹುದು, ಯಾರಿಗಾದರೂ ನೋವಾದೀತು ಎಂದು ಬಿಟ್ಟಿರಬಹುದು. ತನ್ನ ವೃತ್ತಿಯ ಬಗ್ಗೆ ಇಪ್ಪತ್ಮೂರರ ಹುಡುಗಿಯೊಬ್ಬಳ ಮನಸ್ಸು ಹೇಗೆ ರೂಪುಗೊಂಡಿತು ಎಂದು ಬರೆಯುವಾಗ ಹೂವನ್ನು ಹೇಳಿ ಶಿಷ್ಯವೇತನವನ್ನು ಬಿಡಲಾಗದು. ಯಾರನ್ನೂ ಬೈಯಬೇಕಾಗಿಲ್ಲ. ಆ ತಿಂಗಳುಗಳಲ್ಲಿ ನಿಮ್ಮ ಜೊತೆಯವರು ಮೆಸ್ ಬಿಲ್ಲನ್ನು ಹೇಗೆ ಕಟ್ಟಿದರು, ಊರಿಗೆ ಫೋನ್ ಮಾಡಿ ಹಣ ಕೇಳಿದಾಗ ಅಪ್ಪಂದಿರು ಏನೆಂದರು, ಅಷ್ಟು ಬರೆದರೆ ಸಾಕು.

ಈಗ ಐದನೇ ಪುಟಕ್ಕೆ ಬರುತ್ತೇನೆ. 2021ರ ಮೇ ತಿಂಗಳು. ಹಳ್ಳಿಯ ಒಬ್ಬ ಅಜ್ಜನ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 88 ತೋರಿಸುತ್ತಿದೆ ಎಂದು ಆಶಾ ಕಾರ್ಯಕರ್ತೆ ಫೋನ್ ಮಾಡುತ್ತಾರೆ. 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಹೋಗಬೇಕು ಎಂಬ ಲೆಕ್ಕ ಆಗ ಹಳ್ಳಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಅಜ್ಜ ಆಂಬುಲೆನ್ಸ್ ಹತ್ತಲು ಒಪ್ಪುವುದಿಲ್ಲ. ದಾವಣಗೆರೆಗೆ ಹೋದವರು ತಿರುಗಿ ಬರುವುದಿಲ್ಲ, ಹೆಣವನ್ನೂ ಮನೆಗೆ ಕೊಡುವುದಿಲ್ಲ ಎಂಬುದು ಅವರ ಭಯ. ಸತ್ತರೆ ತನ್ನ ಹೊಲದ ಬದುವಿನಲ್ಲೇ ಮಣ್ಣಾಗಬೇಕು ಎಂಬುದು ಹಟ. ನೀವು ಹೋಗಿ ಜಗಲಿಯ ಕೆಳಗೆ, ದೂರ ಕಾಯ್ದುಕೊಂಡು, ಒಂದೂವರೆ ಗಂಟೆ ಕುಳಿತಿರಿ. ಅವರ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ತೀರಿಹೋದ ಹೆಂಡತಿ, ಬೆಂಗಳೂರಿನಿಂದ ಬರಲಾಗದ ಮಗ, ಮೆಕ್ಕೆಜೋಳ ಬಿತ್ತಲು ಹದ ಮಾಡಿಟ್ಟ ನೆಲ, ಎಲ್ಲವನ್ನೂ ಕೇಳಿದಿರಿ. ಆಮೇಲೆ ಬರೆಯುತ್ತೀರಿ: ‘ಕೊನೆಗೆ ರೋಗಿಯ ಮನವೊಲಿಸಿ ಆಸ್ಪತ್ರೆಗೆ ಕಳುಹಿಸಲಾಯಿತು.’

ಕಳುಹಿಸಲಾಯಿತು ಎಂದರೆ ಯಾರು ಕಳುಹಿಸಿದರು? ಹತ್ತು ಸಾಲು ಅಜ್ಜನಾಗಿದ್ದವರು ಹನ್ನೊಂದನೆಯ ಸಾಲಿನಲ್ಲಿ ರೋಗಿಯಾಗಿಬಿಟ್ಟರು. ಅವರೆದುರು ಕುಳಿತಿದ್ದ ನೀವು ‘-ಲಾಯಿತು’ ಎಂಬ ಪ್ರತ್ಯಯದೊಳಗೆ ಮಾಯವಾದಿರಿ. ಕೇಸ್ ಶೀಟಿಗೆ ಆ ಭಾಷೆ ಸರಿ, ಅಲ್ಲಿ ಯಾರು ಬರೆದರು ಎನ್ನುವುದಕ್ಕಿಂತ ಏನು ನಡೆಯಿತು ಎನ್ನುವುದು ಮುಖ್ಯ. ಇಲ್ಲಿ ಯಾರು ಎನ್ನುವುದೇ ಮುಖ್ಯ. ಅಜ್ಜ ಯಾವ ಮಾತಿಗೆ ಎದ್ದರು? ಅದನ್ನು ಹೇಳಿದವರು ನೀವೋ, ಆಶಾ ಕಾರ್ಯಕರ್ತೆಯೋ? ಪಿಪಿಇ ಕಿಟ್ಟಿನೊಳಗೆ ಕಣ್ಣುಗಳ ಹೊರತು ಬೇರೇನೂ ಕಾಣಿಸದ ನಿಮ್ಮನ್ನು ಅವರು ಹೇಗೆ ನಂಬಿದರು? ಮುಂದೆ ಅವರು ಮನೆಗೆ ಮರಳಿದರೇ? ಅದನ್ನೂ ಹೇಳದೆ ಮುಂದಿನ ಪ್ಯಾರಾಕ್ಕೆ ಹಾರಿದ್ದೀರಿ. ಮರಳದಿದ್ದರೂ ಹೇಳಬೇಕು. ಹೋಗಿ ಎಂದವರು ನೀವಾದ್ದರಿಂದ ಆಗ ಇನ್ನೂ ಬಿಡಿಸಿ ಹೇಳಬೇಕು.

ನಿಮ್ಮ ದಾರಿ ತಿರುಗಿದ್ದು ಆ ಜಗಲಿಯ ಕೆಳಗೆ ಎಂದು ನನ್ನ ಊಹೆ. ರೇಡಿಯಾಲಜಿಯ ಕೋಣೆಯಲ್ಲಿ ಅಜ್ಜನ ಶ್ವಾಸಕೋಶ ನಿಮಗೆ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು, ಹದ ಮಾಡಿಟ್ಟ ನೆಲ ಕಾಣುತ್ತಿರಲಿಲ್ಲ. ಊಹೆ ತಪ್ಪಿದ್ದರೆ ತಿದ್ದಿ. ಆದರೆ ಸರಿಯಾದುದನ್ನು ಓದುಗರಿಗೆ ಹೇಳಿ.

ನಾನು ಇದಕ್ಕೆ ಇಷ್ಟು ಅಂಟಿಕೊಳ್ಳಲು ಕಾರಣವಿದೆ. ಅದೇ ತಿಂಗಳು ನನ್ನ ತಾಯಿಗೆ ಸೋಂಕು ತಗುಲಿತು. ಮುಂದೆ ಬೇಕಾದೀತೆಂದು ಹಾಸಿಗೆಗಾಗಿ ನಾವು ಮಾಡಿದ ಕರೆಗಳಿಗೆ ಲೆಕ್ಕವಿಲ್ಲ. ಪ್ರತಿ ಸಂಜೆ ಏಳಕ್ಕೆ ತಾವಾಗಿಯೇ ಫೋನ್ ಮಾಡಿದವರು ಮಂಡಿಪೇಟೆಯ ಸಣ್ಣ ದವಾಖಾನೆಯ ನಮ್ಮ ಮನೆ ಡಾಕ್ಟರು. ‘ಎಷ್ಟು ತೋರಿಸುತ್ತಿದೆ? ನಾಲ್ಕು ಹೆಜ್ಜೆ ನಡೆಸಿ ಮತ್ತೆ ನೋಡಿ. ಊಟ ಮಾಡಿದರೇ? ಫೋನನ್ನು ಅವರ ಕೈಗೇ ಕೊಡಿ.’ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದೂ ಅವರಿಗೆ ಗೊತ್ತಿತ್ತು, ಆಸ್ಪತ್ರೆ ತಪ್ಪಿಸಿಕೊಳ್ಳಲು ಅಮ್ಮ ಸುಳ್ಳು ಹೇಳುತ್ತಾಳೆ ಎಂಬುದೂ ಗೊತ್ತಿತ್ತು. ಪಕ್ಕದ ಮನೆಯವರ ಚೀಟಿ ನೋಡಿ ನಾನು ಮೊದಲ ದಿನವೇ ಸ್ಟೀರಾಯ್ಡ್ ಮಾತ್ರೆ ತಂದಿಟ್ಟಿದ್ದೆ. ಆಮ್ಲಜನಕ ಸರಿ ಇರುವಾಗ ಅದರಿಂದ ಉಪಯೋಗವಿಲ್ಲ, ಸಕ್ಕರೆ ಮಾತ್ರ ಏರುತ್ತದೆ ಎಂದು ತಡೆದವರು ಅವರೇ. ಅಮ್ಮ ಮನೆಯಲ್ಲೇ ಗುಣವಾದಳು. ಅಲ್ಲಿಯವರೆಗೆ ನಮ್ಮ ಪಾಲಿಗೆ ಅವರು ನೆಗಡಿ ಜ್ವರದ ಡಾಕ್ಟರು. ಹಿತ್ತಲ ಗಿಡ ಮದ್ದಲ್ಲ ಎಂದು ನಡೆದುಕೊಂಡವರಲ್ಲಿ ನಾನೂ ಒಬ್ಬ. ನೀವು ಆರಿಸಿಕೊಂಡ ಕೆಲಸ ಏನೆಂದು ನನ್ನಂಥವರಿಗೆ ನೀವೇ ಬರೆದು ತಿಳಿಸಬೇಕು.

‘ಪ್ರವೇಶ ಪರೀಕ್ಷೆ ಸ್ವಲ್ಪ ವಿಳಂಬವಾಯಿತು’ ಎಂದು ಒಂದು ಸಾಲಿದೆ. ಸ್ವಲ್ಪವೇ? 2021ರ ಏಪ್ರಿಲ್ 18ಕ್ಕೆ ನಡೆಯಬೇಕಿದ್ದ ನೀಟ್ ಪಿಜಿ ನಡೆದದ್ದು ಸೆಪ್ಟೆಂಬರ್ 11ಕ್ಕೆ. ಸೀಟು ಹಂಚುವ ಕೌನ್ಸೆಲಿಂಗ್ ಶುರುವಾಗುವಷ್ಟರಲ್ಲಿ 2022ರ ಜನವರಿ ಬಂದಿತ್ತು. ಹೆಚ್ಚುಕಡಿಮೆ ಒಂಬತ್ತು ತಿಂಗಳು ನಿಮ್ಮ ವಯಸ್ಸಿನ ಸಾವಿರಾರು ವೈದ್ಯರು ಹಗಲು ಕೋವಿಡ್ ಕೆಲಸ ಮಾಡಿ ರಾತ್ರಿ ಪುಸ್ತಕ ಬಿಡಿಸಿದರು. ಅತ್ತ ವಾರ್ಡುಗಳಿಗೆ ಹೊಸ ಸ್ನಾತಕೋತ್ತರ ತಂಡ ಬಾರದೆ, ಇದ್ದವರ ಮೇಲೆಯೇ ಹೊರೆ ಬಿತ್ತು. ರೇಡಿಯಾಲಜಿಯ ಆಸೆ ಕರಗಿದ್ದು ಆ ತಿಂಗಳುಗಳಲ್ಲೇ ಅಲ್ಲವೇ? ಅಥವಾ ರ‍್ಯಾಂಕ್ ಸಾಲದೆ ಕುಟುಂಬ ವೈದ್ಯಶಾಸ್ತ್ರ ಸಿಕ್ಕಿತೇ? ಹಾಗಿದ್ದರೆ ಹಾಗೆಂದೇ ಬರೆಯಿರಿ. ಸಿಕ್ಕಿದ್ದನ್ನು ಆಮೇಲೆ ಪ್ರೀತಿಸಿದವರೂ ಇದ್ದಾರೆ. ಕೌನ್ಸೆಲಿಂಗ್‌ನಲ್ಲಿ ನಿಮ್ಮ ಮೊದಲ ಆಯ್ಕೆ ಯಾವುದಾಗಿತ್ತು ಎಂಬ ಒಂದು ಸಾಲು ಸೇವೆ, ತ್ಯಾಗ ಕುರಿತ ನಿಮ್ಮ ಎರಡು ಪ್ಯಾರಾಗಳಿಗಿಂತ ತೂಕದ್ದು.

ನಿಮ್ಮ ಹಿರಿಯ ಸಹೋದ್ಯೋಗಿಯ ಮಾತನ್ನು ದಯವಿಟ್ಟು ಉಳಿಸಿಕೊಳ್ಳಿ. ಹೆರಿಗೆ ವಾರ್ಡಿನಲ್ಲಿ, ಮಕ್ಕಳ ವಾರ್ಡಿನಲ್ಲಿ ಕಲಿಯಬೇಕಿದ್ದ ತಿಂಗಳುಗಳು ಕೋವಿಡ್ ವಾರ್ಡಿಗೆ ಹೋದವು ಎಂದಿದ್ದಾರಲ್ಲ. ಎಲ್ಲ ಕಾಯಿಲೆಯನ್ನೂ ಬಲ್ಲ ವೈದ್ಯರಾಗಲು ಬಂದವರನ್ನು ಒಂದೇ ಕಾಯಿಲೆ ಹಿಡಿದು ಕೂರಿಸಿತು. ಅವರು ಏನು ಕಳೆದುಕೊಂಡರು, ಅದನ್ನು ಮುಂದೆ ಹೇಗೆ ತುಂಬಿಕೊಂಡರು ಎಂದು ಕೇಳಿ ಬರೆಯಿರಿ.

ಆರನೇ ಪುಟದ ಬ್ರಿಟನ್ನಿನ ಮಾಹಿತಿ ಸರಿಯಾಗಿದೆ, ಆದರೆ ಬೇರೆ ಯಾರದೋ ಕೈಬರಹದಂತಿದೆ. ಅಲ್ಲಿ ಜನ ಒಂದು ಜಿಪಿ, ಅಂದರೆ ಕುಟುಂಬ ವೈದ್ಯರ, ದವಾಖಾನೆಯಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತಾರೆ, ತಜ್ಞರ ಬಳಿಗೆ ಸಾಮಾನ್ಯವಾಗಿ ಜಿಪಿಯ ಮೂಲಕವೇ ಹೋಗುತ್ತಾರೆ. ತರಬೇತಿಯಲ್ಲಿರುವವರ ಅಂತಿಮ ಪರೀಕ್ಷೆಯಲ್ಲಿ ನಟರು ರೋಗಿಗಳ ಪಾತ್ರ ವಹಿಸುತ್ತಿದ್ದರು. 2020ರಲ್ಲಿ ಅದು ನಿಂತು, ನಿಜವಾದ ರೋಗಿಗಳೊಂದಿಗಿನ ಸಮಾಲೋಚನೆಯನ್ನು ಧ್ವನಿಮುದ್ರಿಸಿ ಇಲ್ಲವೇ ಚಿತ್ರೀಕರಿಸಿ ಕಳುಹಿಸುವ ಪದ್ಧತಿ ಬಂದಿತು, 2023ರವರೆಗೆ ನಡೆಯಿತು. ನಮ್ಮಲ್ಲಿಯೂ ದೂರವಾಣಿ, ವಿಡಿಯೊ ಚಿಕಿತ್ಸೆಯ ಮಾರ್ಗಸೂಚಿ ಹೊರಬಿದ್ದದ್ದು ಲಾಕ್‌ಡೌನಿನ ಮೊದಲ ದಿನವೇ. ಹೊಟ್ಟೆ ಮುಟ್ಟಿ ನೋಡದೆ, ಎದೆಗೆ ಸ್ಟೆತಸ್ಕೋಪ್ ಇಡದೆ, ಬರೀ ದನಿ ಕೇಳಿ ನಿರ್ಧಾರ ಮಾಡುವುದನ್ನು ಎರಡೂ ಕಡೆಯ ಕಿರಿಯ ವೈದ್ಯರು ಒಟ್ಟಿಗೆ ಕಲಿತರು. ಅಲ್ಲಿಯವರಿಗೆ ಅದು ಪರೀಕ್ಷೆಯೂ ಆಯಿತು. ನಿಮಗೆ ಅದನ್ನು ಯಾರು ಕಲಿಸಿದರು? ಬ್ರಿಟನ್ನಿನ ಪ್ಯಾರಾ ಈ ಪ್ರಶ್ನೆಗೆ ದಾರಿ ಮಾಡಿಕೊಟ್ಟರೆ ಇರಲಿ, ಇಲ್ಲವಾದರೆ ಬಿಡಿ.

ಇನ್ನೊಂದು ಮಾತು. ಇದನ್ನು ಅಚ್ಚು ಮಾಡಬಹುದೇ ಎಂದು ನಿಮ್ಮನ್ನು ಪ್ರತ್ಯೇಕವಾಗಿ ಕೇಳಿದ್ದೆ, ಆಗಲಿ ಎಂದಿದ್ದಕ್ಕೆ ಕೃತಜ್ಞ. ಲೇಖನದ ಕೊನೆಯಲ್ಲಿ ಜಗಳೂರಿನಲ್ಲೇ ದವಾಖಾನೆ ತೆರೆಯುವೆ ಎಂದಿದ್ದೀರಿ. ಲೇಖನದ ಜೊತೆಗಿದ್ದ ಪತ್ರದಲ್ಲಿ, ಬ್ರಿಟನ್ನಿನಲ್ಲಿ ವೈದ್ಯವೃತ್ತಿ ಮಾಡಲು ಬರೆಯುವ ಪ್ಲಾಬ್ ಪರೀಕ್ಷೆಯ ಸಿದ್ಧತೆಯಿಂದಾಗಿ ಕಳುಹಿಸುವುದು ತಡವಾಯಿತು ಎಂದಿದ್ದೀರಿ. ಬ್ರಿಟನ್ನಿಗೆ ಹೋಗಬೇಕೆನ್ನುವುದು ತಪ್ಪಲ್ಲ. ಕುಟುಂಬ ವೈದ್ಯರಿಗೆ ಅಲ್ಲಿರುವ ಸ್ಥಾನ, ಗೊತ್ತಾದ ಸಂಬಳ ಇಲ್ಲಿ ಇಲ್ಲದಿರುವುದು ನಿಮ್ಮ ಅಪರಾಧವೂ ಅಲ್ಲ. ಆದರೆ ಲೇಖನದಲ್ಲಿ ಒಂದು, ಪತ್ರದಲ್ಲಿ ಒಂದು ಇರಬಾರದು. ಆ ಅಜ್ಜನ ಜಗಲಿಯ ಕೆಳಗೆ ಕುಳಿತವರೇ ರಾತ್ರಿ ಪ್ಲಾಬ್ ಪುಸ್ತಕ ಬಿಡಿಸುತ್ತಾರೆ ಎಂದರೆ, ನಿಮ್ಮೊಳಗೆ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗಿಲ್ಲ ಎಂದೇ ಬರೆಯಿರಿ. ಬರೆದರೆ ನಿಮ್ಮ ಜೊತೆಗಾರರು ಎಷ್ಟು ಮಂದಿ ಅದರಲ್ಲಿ ತಮ್ಮನ್ನು ಕಾಣುತ್ತಾರೋ.

ಮೇ 19ರ ವಿಶ್ವ ಕುಟುಂಬ ವೈದ್ಯರ ದಿನಕ್ಕೆ ಪ್ರಕಟಿಸಿ ಎಂದು ಕೇಳಿದ್ದೀರಿ. ಏಪ್ರಿಲ್ ಮುಗಿಯುವುದರೊಳಗೆ ಸಾವಿರದ ಐನೂರು ಪದಗಳಲ್ಲಿ ಬಂದರೆ ಆ ಸಂಚಿಕೆಯಲ್ಲಿ ಜಾಗವಿದೆ. ಜಗಲಿಯಿಂದಲೇ ಶುರುಮಾಡಿ. ಅಜ್ಜನ ಊರಿನ ಹೆಸರನ್ನೂ ಮಗನ ಉದ್ಯೋಗವನ್ನೂ ತೆಗೆಯಿರಿ, ಸುತ್ತಲಿನವರು ಸುಲಭವಾಗಿ ಗುರುತು ಹಿಡಿಯುತ್ತಾರೆ. ಮನೆಯವರ ಒಪ್ಪಿಗೆ ಪಡೆಯಿರಿ. ಅದಕ್ಕಾಗಿ ಹೇಗೂ ಆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಬೇಕಾಗುತ್ತದೆ. ಮಾಡಿದಾಗ ಆ ದಿನದ ಬಗ್ಗೆಯೂ ಕೇಳಿ. ಅಜ್ಜ ಯಾವ ಮಾತಿಗೆ ಎದ್ದರು ಎಂಬುದು ನಿಮಗೆ ಮರೆತಿದ್ದರೂ ಅವರಿಗೆ ನೆನಪಿರಬಹುದು.

ನಿಮ್ಮ ವಿಶ್ವಾಸಿ,
ಸಂಪಾದಕ