ಕಲಬುರಗಿ ಬಿಸಿಲಿಗೆ ಕಾರಿನ ಟೈರ್‌ನಲ್ಲಿ ಹವಾ ಎಷ್ಟು ಕಡಿಮೆ ಇಡಬೇಕು?

ಕಡಿಮೆ ಇಡಲೇಬೇಡಿ. 28 ಪಿಎಸ್‌ಐ (ಟೈರ್ ಒಳಗಿನ ಹವಾದ ಒತ್ತಡ ಅಳೆಯುವ ಲೆಕ್ಕ) ಸಾಕಾ, 30 ಬೇಕಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಕೇಳ್ತಿದ್ದೆ. ಮೇ ತಿಂಗಳು, 43 ಡಿಗ್ರಿ ಬಿಸಿಲು, ಟೈರ್ ಒಡೆದುಹೋದರೆ ಹೇಗೆ ಅನ್ನೋ ಭಯ.

ಮರುದಿನ ಬೀದರ್‌ನಲ್ಲಿ ಕಾಕಾನ ಮಗಳ ಮದುವೆ. ಮಧ್ಯಾಹ್ನ ಮೂರು ಗಂಟೆಗೆ ಆಫೀಸಿನಿಂದ ಬರುವಾಗ ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಬೆಳಗಿನಿಂದ ಬಿಸಿಲಲ್ಲೇ ನಿಂತಿದ್ದ ಕಾರು, ಆಮೇಲೆ ರಿಂಗ್ ರೋಡ್ ಪೂರ್ತಿ ಓಡಿಸಿಕೊಂಡು ಬಂದಿದ್ದೆ. ಗೇಜ್ ಹಚ್ಚಿದರೆ 38 ತೋರಿಸಿತು. "ಸಾರ್, ಬ್ಯಾಸಗಿ ಅದ, ಇಷ್ಟು ಇಟ್ರ ಬರ್ಸ್ಟ್ ಆಗ್ತದ, 30ಕ್ಕ ಇಳಸ್ತೀನಿ" ಅಂದರು ಅಂಗಡಿಯವರು. ಹೂಂ ಅಂದೆ. ನಾಲ್ಕೂ ಟೈರ್‌ನಿಂದ ಹವಾ ಸುಂಯ್ ಅಂತ ಹೋಗುವಾಗ ನನಗೆ ಸಮಾಧಾನವೇ ಆಯಿತು.

ತಪ್ಪಾಗಿದ್ದು ಅಲ್ಲೇ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಟೈರ್ ಬಿಸಿಯಾದಾಗ ಒಳಗಿನ ಹವಾ ಹಿಗ್ಗುತ್ತದೆ. ಐದೂವರೆ ಡಿಗ್ರಿ ಬಿಸಿ ಏರಿದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 33 ಇದ್ದದ್ದು ಮಧ್ಯಾಹ್ನ 38 ಆಗೋದು ಸಹಜ, ಹಾಗೆ ಏರುತ್ತೆ ಅಂತ ಲೆಕ್ಕ ಹಾಕಿಯೇ ಕಂಪನಿಯವರು ನನ್ನ ಕಾರಿಗೆ 33 ಅಂತ ಬರೆದಿದ್ದಾರೆ. ಆ 33 ತಣ್ಣಗಿರುವಾಗಿನ ಲೆಕ್ಕ. ನಾನು ಬಿಸಿ ಟೈರ್‌ನಲ್ಲಿ 30ಕ್ಕೆ ಇಳಿಸಿದೆ. ಅಂದರೆ ರಾತ್ರಿ ತಣ್ಣಗಾದ ಮೇಲೆ ಅದರಲ್ಲಿ ಉಳಿದಿದ್ದು 25, 26. ಮಂದಿ ತುಂಬಿ, ಸಾಮಾನು ಹೇರಿದಾಗ ಹಿಂದಿನ ಟೈರ್‌ಗೆ 36 ಇರಬೇಕು ಅಂತ ನನ್ನ ಕಾರಿನ ಸ್ಟಿಕ್ಕರ್ ಮೇಲೇ ಇತ್ತು. ಹತ್ತು ಪಾಯಿಂಟ್ ಕಮ್ಮಿ! ನಾನು ಆ ಸ್ಟಿಕ್ಕರ್ ಯಾವತ್ತೂ ಓದಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಐದು ಮಂದಿ, ಡಿಕ್ಕಿ ತುಂಬ ಉಡುಗೊರೆಯ ಬಾಂಡೆ ಸಾಮಾನು. ಕಮಲಾಪುರ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಸ್ಪೀಡ್ 90ರ ಹತ್ತಿರ ಇತ್ತು. ಹಿಂದಿನಿಂದ ಢಬ್ ಅಂತ ಸದ್ದು, ಕಾರು ಎಡಕ್ಕೆ ಎಳೆಯಿತು. ಅವ್ವ ನನ್ನ ಭುಜ ಹಿಡಿದುಕೊಂಡಳು. ಬ್ರೇಕ್ ತುಳಿಯದೆ ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ಪಕ್ಕಕ್ಕೆ ತಂದೆ. ಯಾರಿಗೂ ಏನೂ ಆಗಲಿಲ್ಲ, ಎದುರಿಗೆ ಲಾರಿ ಬಂದಿರಲಿಲ್ಲ ಅಷ್ಟೆ. ಸ್ಟೆಪ್ನಿ ತೆಗೆದರೆ ಅದರಲ್ಲೂ ಹವಾ ಇಲ್ಲ. ಯಾರದೋ ಬೈಕ್ ಹಿಂದೆ ಅದನ್ನ ಇಟ್ಟುಕೊಂಡು ಹೋಗಿ ತುಂಬಿಸಿಕೊಂಡು ಬರಬೇಕಾಯಿತು. ಬೀದರ್ ಮುಟ್ಟಿದಾಗ ಅಕ್ಕಿಕಾಳು ಬಿದ್ದು ಎರಡು ತಾಸಾಗಿತ್ತು. ತಂಗಿಯ ಮದುವೆ ನೋಡೋದು ತಪ್ಪಿತು, ಅದು ಇನ್ನೂ ಮನಸ್ಸಿನಲ್ಲಿದೆ.

ಹೋಗುವ ದಾರಿಯಲ್ಲಿ ಹುಮನಾಬಾದ್‌ನ ಒಂದು ಟೈರ್ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಅಜ್ಜ ಒಡೆದ ಟೈರ್ ಬಿಚ್ಚಿ, "ಒಳಗ ಕೈ ಹಾಕಿ ನೋಡ್ರಿ" ಅಂದರು. ಬೆರಳಿಗೆ ಗುರೆಳ್ಳು ಪುಡಿಯಂತೆ ಕರಿ ರಬ್ಬರ್ ಪುಡಿ ಹತ್ತಿತು. ಟೈರ್‌ನ ಪಕ್ಕದ ಗೋಡೆ (ಸೈಡ್‌ವಾಲ್) ಸುತ್ತಲೂ ಸವೆದು ಒಳಗಿನ ದಾರ ಕಾಣಿಸುತ್ತಿತ್ತು. ಹವಾ ಕಮ್ಮಿ ಇದ್ದರೆ ಆ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತಾ ಇರುತ್ತದೆ, ಅದರಿಂದಲೇ ಟೈರ್ ಕಾಯುತ್ತದೆ, ಕೊನೆಗೆ ಹರಿಯುತ್ತದೆ. ಅಂದರೆ ಯಾವ ಭಯಕ್ಕೆ ಹವಾ ಇಳಿಸಿದ್ದೆನೋ, ಇಳಿಸಿದ್ದರಿಂದಲೇ ಅದು ಆಯಿತು. ಟೈರ್ ಓಡಿದ್ದು ಬರೀ 18 ಸಾವಿರ ಕಿಲೋಮೀಟರ್. ಇನ್ನೊಂದು ಹಿಂದಿನ ಟೈರ್‌ನಲ್ಲೂ ಅದೇ ಪುಡಿ ಇತ್ತು, ಎರಡನ್ನೂ ಬದಲಿಸಿದೆ.

ನೀವು ಮಾಡಬೇಕಾದ್ದು ಇಷ್ಟೇ. ಡ್ರೈವರ್ ಬಾಗಿಲು ತೆಗೆಯಿರಿ, ಬಾಗಿಲು ಮುಚ್ಚಿಕೊಳ್ಳುವ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ ಇರುತ್ತದೆ. ಅದರಲ್ಲಿ ಇರೋ ನಂಬರ್ರೇ ನಿಮ್ಮ ನಂಬರ್, ಬೇಸಿಗೆ ಇರಲಿ ಚಳಿಗಾಲ ಇರಲಿ. ಟೈರ್ ಮೇಲೆ ಅಚ್ಚಾಗಿರೋ 44, 51 ಅನ್ನೋದು ಆ ಟೈರ್ ತಡೆಯುವ ಗರಿಷ್ಠ ಮಿತಿ, ಅದನ್ನ ನೋಡಿ ತುಂಬಿಸಬೇಡಿ. ಒಂದು ಗೇಜ್ ತಗೊಳ್ಳಿ, ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಮನೆ ಮುಂದೆಯೇ ನೋಡಿ. ಒಂದು ಬದಿಗೆ ಬಿಸಿಲು ಬಿದ್ದಿದ್ದರೆ ಆ ಬದಿ ಒಂದೆರಡು ಪಾಯಿಂಟ್ ಜಾಸ್ತಿ ತೋರಿಸುತ್ತದೆ, ಅದಕ್ಕೂ ಹವಾ ಬಿಡಬೇಡಿ. ನೈಟ್ರೋಜನ್ ಹಾಕಿಸಿದರೆ ಈ ತೊಂದರೆಯೇ ಇಲ್ಲ ಅಂತ ಹೇಳುವವರೂ ಇದ್ದಾರೆ, ಆದರೆ ನಾವು ಉಸಿರಾಡೋ ಗಾಳಿಯಲ್ಲೇ ನೈಟ್ರೋಜನ್ ಶೇ. 78 ಇದೆ, ಅದೂ ಬಿಸಿಗೆ ಹಿಗ್ಗುತ್ತದೆ. ನಾನಂತೂ ಸುಮ್ನೆ ಅದಕ್ಕೆ ದುಡ್ಡು ಹಾಕಲ್ಲ.

ದಾರಿಯಲ್ಲಿ ಯಾರಾದರೂ ಗೇಜ್ ಹಚ್ಚಿ 38 ಇದೆ, ಇಳಿಸ್ಲಾ ಅಂತ ಕೇಳಿದರೆ ಬೇಡ ಅನ್ನಿ. ಮತ್ತೆ ಗೇಜ್ ಕೈಯಲ್ಲಿ ಇರುವಾಗಲೇ ಡಿಕ್ಕಿ ತೆಗೆದು ಸ್ಟೆಪ್ನಿಗೂ ಒಂದ್ಸಲ ಹಚ್ಚಿ ನೋಡಿ.