ತಿರುವಿನ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ರಸ್ತೆ ಮತ್ತು ರೈಲು ಮಾರ್ಗಗಳ ಟ್ರಾನ್ಸಿಷನ್ ಕರ್ವ್ (ನೇರ ಮಾರ್ಗದಿಂದ ವೃತ್ತಾಕಾರದ ತಿರುವಿಗೆ ನಿಧಾನವಾಗಿ ಒಯ್ಯುವ ರೇಖೆ) ಕುರಿತು ಬಾಗಲಕೋಟೆಯಿಂದ ತಾವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಸರ್ವೆ ಕೆಲಸ ಬಲ್ಲವರು ಕನ್ನಡದಲ್ಲಿ ಬರೆಯುವುದು ವಿರಳವಾದ್ದರಿಂದ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದ ಕಾರಣವನ್ನು ವಿವರವಾಗಿಯೇ ತಿಳಿಸುತ್ತೇನೆ.

ಬದುಕಿನ ತಿರುವುಗಳ ಬಗೆಗಿನ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಅದಾದ ಕೂಡಲೇ ಸೂತ್ರಗಳು ಬರುತ್ತವೆ. ಈ ರೇಖೆ ಯಾಕೆ ಬೇಕು ಎಂಬ ಕಾರಣವನ್ನು ನಡುವೆ ಹೇಳಿಯೇ ಇಲ್ಲ. ನೇರ ಮಾರ್ಗವನ್ನು ವೃತ್ತದ ಕಂಸಕ್ಕೆ ಹಾಗೆಯೇ ಜೋಡಿಸಿದರೆ ವಾಹನವನ್ನು ಪಕ್ಕಕ್ಕೆ ತಳ್ಳುವ ಬಲ ಕೂಡುವ ಬಿಂದುವಿನಲ್ಲಿ ಒಮ್ಮೆಲೇ ಎರಗುತ್ತದೆ. ಆ ಬಲವನ್ನು ಸರಿದೂಗಿಸಲು ಹೊರ ಹಳಿಯನ್ನು ಎತ್ತರಿಸುವ ಕ್ಯಾಂಟ್ ಮಾತ್ರ ಹಾಗೆ ಒಂದು ಬಿಂದುವಿನಲ್ಲಿ ಹುಟ್ಟಲಾರದು. ಬ್ರಾಡ್‌ಗೇಜ್‌ನಲ್ಲಿ 875 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಾಯುವ ಗಾಡಿಗೆ ಸಮತೋಲನದ ಕ್ಯಾಂಟ್ ಸುಮಾರು 100 ಮಿ.ಮೀ. ಆಗುತ್ತದೆ. 720 ಮಿ.ಮೀ. ಉದ್ದಕ್ಕೆ 1 ಮಿ.ಮೀ.ನಂತೆ ಹಳಿಯನ್ನು ಏರಿಸಿದರೆ 72 ಮೀಟರ್ ಬೇಕು. ಸೂತ್ರಕ್ಕಿಂತ ಮೊದಲು ಓದುಗರಿಗೆ ಈ 72 ಮೀಟರ್ ಕಾಣಬೇಕು.

ಇಡೀ ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದು ವಿಜಯಪುರದ ಕಡೆಯ ಎರೆಹೊಲದ ಪ್ರಸಂಗ. ‘ಮೊದಲಿದ್ದ ಗೂಟ ನನ್ನ ಜೋಳದೊಳಗೆ ಯಾಕ ಬಂತು?’ ಎಂದು ಮಾರ್ಗದ ಸರ್ವೆ ಗೂಟವನ್ನು ಕಂಡ ರೈತ ಕೇಳುತ್ತಾನೆ. ತಾವು ಉತ್ತರಿಸದೆ ಮುಂದೆ ಸಾಗಿದ್ದೀರಿ. ಅಷ್ಟೇ ಅಲ್ಲ, ಮುಂದಿನ ಪುಟದಲ್ಲಿ ಟ್ರಾನ್ಸಿಷನ್ ಕರ್ವನ್ನು ಕಂಸದ ಹಿಂದಿನ ನೇರ ಭಾಗಕ್ಕೆ ಸೇರಿಸಿದರಾಯಿತು ಎಂದು ತಪ್ಪಾಗಿ ಬರೆದಿದ್ದೀರಿ. ಕಂಸವನ್ನೇ ಒಳಕ್ಕೆ ಸರಿಸದೆ ಅದಕ್ಕೆ ಜಾಗವಾಗುವುದಿಲ್ಲ. ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿದರೆ ಬರುವ ಈ ಶಿಫ್ಟ್, 230 ಮೀಟರ್ ತ್ರಿಜ್ಯ ಮತ್ತು 90 ಮೀಟರ್ ಟ್ರಾನ್ಸಿಷನ್ ಇದ್ದಾಗ ಸುಮಾರು 1.47 ಮೀಟರ್. ರೈತನ ಪ್ರಶ್ನೆಗೆ ಉತ್ತರ ಇದೇ. ಗೂಟಗಳ ಸಾಲನ್ನೂ ತೋರಿಸಿ: ಟ್ರಾನ್ಸಿಷನ್ ಆರಂಭವಾದ ಕಡೆಯಿಂದ 10 ಮೀಟರಿನಲ್ಲಿ ಗೂಟ ಸ್ಪರ್ಶರೇಖೆಯಿಂದ (ನೇರ ಮಾರ್ಗವನ್ನು ಹಾಗೆಯೇ ಮುಂದುವರಿಸಿದ ಗೆರೆಯಿಂದ) ಸರಿಯುವುದು ಬರೀ 8 ಮಿ.ಮೀ., 30ರಲ್ಲಿ ಸುಮಾರು 22 ಸೆಂ.ಮೀ., 60ರಲ್ಲಿ 1.74 ಮೀಟರ್. ತಿರುವು ಎಷ್ಟು ನಿಧಾನವಾಗಿ ಆರಂಭವಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆಯೇ ಬೇಡ.

ರಸ್ತೆಗೂ ಹಳಿಗೂ ಒಂದೇ ರೇಖೆ ಎಂಬ ವಾಕ್ಯವನ್ನು ತಿದ್ದಿರಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸುವುದು ಸ್ಪೈರಲ್, ಅಂದರೆ ಸಾಗಿದಷ್ಟೂ ಬಾಗು ಸಮನಾಗಿ ಹೆಚ್ಚುವ ಸುರುಳಿ. ನಮ್ಮ ರೈಲ್ವೆಯಲ್ಲಿ ಬಳಕೆಯಲ್ಲಿರುವುದು ಕ್ಯೂಬಿಕ್ ಪ್ಯಾರಾಬೋಲಾ, ಅಂದರೆ ಸ್ಪರ್ಶರೇಖೆಯಿಂದ ದೂರದ ಘನಕ್ಕೆ ಅನುಗುಣವಾಗಿ ಸರಿಯುವ ರೇಖೆ.

ಎರೆಹೊಲದಿಂದಲೇ ಲೇಖನವನ್ನು ಆರಂಭಿಸಿ, ಎರಡು ಕೋಷ್ಟಕಗಳನ್ನು ಬಿಟ್ಟು, ಹೊಲದ ಬದುವನ್ನೂ ಸರಿದ ಗೂಟವನ್ನೂ ಗುರುತಿಸಿದ ಒಂದು ನಕ್ಷೆಯೊಂದಿಗೆ ಮತ್ತೆ ಕಳುಹಿಸಿರಿ.

ಸಂಪಾದಕ, ಬೆಳಗಾವಿ